ಮಡಿಸುವ ಕಡತ: ಇಮ್ಯಾಕ್ಸ್ ಸಂಪಾದಕದಲ್ಲಿ ಆರ್ಗ್ ಕ್ರಮ

ವಿದ್ಯಾರ್ಥಿಯಾದವನು ಎರಡು ವಿಷಯಗಳಲ್ಲಿ ಜಾಗರೂಕನಾಗಿರಬೇಕು. ಓದಿದ್ದನ್ನು ಬೇಕಾದಾಗ ಕೈಗೆ ಸಿಗುವಂತೆ ಇಟ್ಟುಕೊಳ್ಳುವುದು ಒಂದು. ಮುಂದೆ ಮಾಡಬೇಕಾದುದನ್ನು ಹೊತ್ತು ಮೀರುವ ಮೊದಲು ನೆನೆಯುವುದು ಇನ್ನೊಂದು. ಮೊದಲನೆಯದಕ್ಕೆ ಟಿಪ್ಪಣಿ ಪುಸ್ತಕವನ್ನೂ ಎರಡನೆಯದಕ್ಕೆ ದಿನಚರಿಯನ್ನೂ ನಾವು ಬೇರೆ ಬೇರೆಯಾಗಿ ಇಡುತ್ತೇವೆ. ಆದರೆ ಇವೆರಡಕ್ಕೂ ಇರುವ ನಂಟು ಬಹಳ ಹತ್ತಿರದ್ದು. ಗ್ರಂಥಾಲಯದಿಂದ ತಂದ ಪುಸ್ತಕದ ಮೇಲಿನ ಟಿಪ್ಪಣಿಯೂ ಆ ಪುಸ್ತಕವನ್ನು ಹಿಂದಿರುಗಿಸಬೇಕಾದ ದಿನವೂ ಒಂದೇ ವಸ್ತುವಿನ ಎರಡು ಮುಖಗಳಲ್ಲವೆ? ಇವೆರಡನ್ನೂ ಒಂದೇ ಕಡೆ, ಸಾದಾ ಅಕ್ಷರಗಳಲ್ಲಿ, ಯಾರ ಹಂಗೂ ಇಲ್ಲದೆ ಬರೆದಿಡುವ ಒಂದು ಕ್ರಮವನ್ನು ನನ್ನ ಸಹಪಾಠಿಗಳಿಗೂ ಅಧ್ಯಾಪಕ ವರ್ಗದವರಿಗೂ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ. ಅದರ ಹೆಸರು ಆರ್ಗ್ ಕ್ರಮ. ಅದು ಇರುವ ಮನೆ ಇಮ್ಯಾಕ್ಸ್ ಎಂಬ ಪಠ್ಯ ಸಂಪಾದಕ.

ಕಡತವೆಂಬ ಹಳೆಯ ಮಾತು

ನಮ್ಮ ನಾಡಿನಲ್ಲಿ ಹಿಂದೆ ಕಡತವೆಂಬ ಬರವಣಿಗೆಯ ಸಾಧನವಿತ್ತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಅದು ಗಟ್ಟಿಯಾದ ಮೇಲೆ ಹಿಂದಕ್ಕೂ ಮುಂದಕ್ಕೂ ಮಡಿಸಿ ಪುಸ್ತಕದಂತೆ ಮಾಡುತ್ತಿದ್ದರು. ಕಪ್ಪು ಮೈಯ ಮೇಲೆ ಬಳಪದಿಂದ ಬರೆಯುವುದು, ಬೇಡವಾದುದನ್ನು ಒರೆಸಿ ಮತ್ತೆ ಬರೆಯುವುದು, ಬೇಕಾದ ಮಡಿಕೆಯನ್ನಷ್ಟೇ ಬಿಚ್ಚಿ ನೋಡುವುದು ಇದರ ಅನುಕೂಲ. ಶೃಂಗೇರಿ ಮಠದ ಕಡತಗಳು ಇತಿಹಾಸ ಬರೆಯುವವರಿಗೆ ಇಂದಿಗೂ ಆಕರಗಳಾಗಿವೆ. ಮುಂದೆ ಕಾಗದ ಬಂದಾಗ ಕಚೇರಿಯ ಕಾಗದಪತ್ರದ ಕಟ್ಟಿಗೆ ಇದೇ ಹೆಸರು ಉಳಿಯಿತು. ಗಣಕಯಂತ್ರ ಬಂದಾಗ ಅದರ ಫೈಲಿಗೂ ನಾವು ಕಡತವೆಂದೇ ಕರೆದೆವು. ಆರ್ಗ್ ಕ್ರಮದ ಕಡತಕ್ಕಂತೂ ಈ ಹೆಸರು ಅಕ್ಷರಶಃ ಒಪ್ಪುತ್ತದೆ. ಏಕೆಂದರೆ ಅದೂ ಮಡಿಸುವ ಕಡತವೇ.

ಸಾದಾ ಪಠ್ಯ ಎಂದರೇನೆಂಬುದನ್ನು ಮೊದಲು ತಿಳಿಯಬೇಕು. ಬಣ್ಣ, ದಪ್ಪ, ಗಾತ್ರ ಮೊದಲಾದ ಅಲಂಕಾರಗಳ ಗುಪ್ತ ಸಂಕೇತಗಳು ಯಾವುವೂ ಇಲ್ಲದೆ ಅಕ್ಷರಗಳು ಮಾತ್ರ ಇರುವ ಕಡತವೇ ಸಾದಾ ಪಠ್ಯ. ಅದನ್ನು ತೆರೆಯಲು ಇಂಥದೇ ತಂತ್ರಾಂಶ ಬೇಕೆಂಬ ನಿರ್ಬಂಧವಿಲ್ಲ. ಕನ್ನಡಕ್ಕೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ನಮ್ಮ ಲಿಪಿಗೆ ಸ್ಥಾನ ದೊರೆಯಿತು. 128 ಸ್ಥಾನಗಳ ಒಂದು ಖಂಡವನ್ನು ಅದಕ್ಕೆ ಮೀಸಲಿಟ್ಟಿದ್ದಾರೆ. ಆದರೆ ಅದು ಜನರ ಬಳಕೆಗೆ ಬರುವುದಕ್ಕೆ ಬಹುಕಾಲ ಹಿಡಿಯಿತು. ಅದಕ್ಕೆ ಮುಂಚೆ ಒಂದೊಂದು ಫಾಂಟಿಗೂ ಒಂದೊಂದು ಸಂಕೇತವಿತ್ತು. ರೋಮನ್ ಅಕ್ಷರದ ಸಂಖ್ಯೆಯ ಮೇಲೆ ಕನ್ನಡ ಅಕ್ಷರದ ತುಂಡೊಂದನ್ನು ಕೂರಿಸುತ್ತಿದ್ದರು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅಂಥ ಕಡತವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಇದರಿಂದ ನಾವು ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ: ಇಪ್ಪತ್ತು ವರ್ಷದ ಮೇಲೆ ಓದಬೇಕೆಂದಿರುವ ಬರಹವನ್ನು ಯಾವ ಒಂದು ತಂತ್ರಾಂಶದ ಮರ್ಜಿಗೂ ಒಪ್ಪಿಸಬಾರದು.

ಹುಟ್ಟು ಮತ್ತು ಬೆಳವಣಿಗೆ

ಇಮ್ಯಾಕ್ಸಿನ ಮೊದಲ ರೂಪ 1976ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಕೃತಕ ಬುದ್ಧಿಮತ್ತೆಯ ಪ್ರಯೋಗಶಾಲೆಯಲ್ಲಿ ಸಿದ್ಧವಾಯಿತು. ಅಲ್ಲಿ ಟೆಕೊ ಎಂಬ ಸಂಪಾದಕವಿತ್ತು. ಅದಕ್ಕೆ ಒಬ್ಬೊಬ್ಬರು ತಮಗೆ ಬೇಕಾದ ಕಿರು ಆಜ್ಞೆಗಳ ಕಟ್ಟುಗಳನ್ನು ಬರೆದುಕೊಂಡಿದ್ದರು. ಇವನ್ನು ಒಂದು ವ್ಯವಸ್ಥೆಗೆ ತಂದವರಲ್ಲಿ ರಿಚರ್ಡ್ ಸ್ಟಾಲ್‌ಮನ್ ಮುಖ್ಯರು. 1983ರಲ್ಲಿ ಅವರು ಗ್ನೂ ಯೋಜನೆಯನ್ನು ಸಾರಿದರು. 1985ರಲ್ಲಿ ಗ್ನೂ ಇಮ್ಯಾಕ್ಸ್ ಸಾರ್ವಜನಿಕರಿಗೆ ದೊರೆಯಿತು. ಇದು ಸ್ವತಂತ್ರ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದು, ಒಳಗನ್ನು ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಇತರರಿಗೆ ಹಂಚಬಹುದು.

ಇದರ ತಿರುಳಿನ ಸ್ವಲ್ಪ ಭಾಗ ಸಿ ಭಾಷೆಯಲ್ಲಿದೆ. ಉಳಿದ ಬಹುಭಾಗ ಲಿಸ್ಪ್ ಭಾಷೆಯ ಒಂದು ಪ್ರಭೇದದಲ್ಲಿದೆ. ಲಿಸ್ಪ್ ಭಾಷೆಯನ್ನು 1958ರಲ್ಲಿ ಕಲ್ಪಿಸಿದವರು ಜಾನ್ ಮೆಕಾರ್ಥಿ. ಸಂಪಾದಕವು ನಡೆಯುತ್ತಿರುವಾಗಲೇ ಅದಕ್ಕೆ ಹೊಸ ಲಿಸ್ಪ್ ವಾಕ್ಯವನ್ನು ಕೊಟ್ಟು ಅದರ ನಡತೆಯನ್ನು ಬದಲಿಸಬಹುದು. ವಾಸಿಸುತ್ತಿರುವ ಮನೆಯನ್ನು ಬಿಟ್ಟು ಹೊರಡದೆಯೇ ಅದರ ಬಾಗಿಲನ್ನು ಬೇರೆ ಗೋಡೆಗೆ ಸರಿಸಿದಂತೆ ಇದು.

ಈ ಮನೆಯಲ್ಲಿ ಆರ್ಗ್ ಕ್ರಮವನ್ನು ಕಟ್ಟಿದವರು ಒಬ್ಬ ಖಗೋಳ ವಿಜ್ಞಾನಿ. ಆಮ್‌ಸ್ಟರ್‌ಡ್ಯಾಂ ವಿಶ್ವವಿದ್ಯಾಲಯದ ಕಾರ್‌ಸ್ಟೆನ್ ಡೊಮಿನಿಕ್ ಅವರು 2003ರಲ್ಲಿ ತಮ್ಮ ಟಿಪ್ಪಣಿಗಳನ್ನೂ ಕೆಲಸಗಳನ್ನೂ ಅಂಕೆಯಲ್ಲಿಡುವುದಕ್ಕಾಗಿ ಇದನ್ನು ರಚಿಸಿದರು. 2007ರಲ್ಲಿ ಬಂದ ಇಮ್ಯಾಕ್ಸಿನ 22ನೆಯ ಆವೃತ್ತಿಯಿಂದ ಇದು ಇಮ್ಯಾಕ್ಸಿನೊಡನೆಯೇ ಬರುತ್ತಿದೆ, ಬೇರೆಯಾಗಿ ತರಿಸಬೇಕಾಗಿಲ್ಲ.

ಕಡತದ ಅಂಗಾಂಗಗಳು

ಸಾಲಿನ ಮೊದಲಿಗೆ ನಕ್ಷತ್ರ ಚಿಹ್ನೆಯೊಂದನ್ನಿಟ್ಟು ಜಾಗ ಬಿಟ್ಟು ಬರೆದರೆ ಅದು ತಲೆಬರಹ. ಎರಡು ನಕ್ಷತ್ರವಿಟ್ಟರೆ ಉಪಶೀರ್ಷಿಕೆ. ಮೂರಿಟ್ಟರೆ ಅದರ ಒಳಗಿನದು. ಉಳಿದ ಸಾಲುಗಳೆಲ್ಲ ಸಾಮಾನ್ಯ ಬರಹ. ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನ ಕಡತದ ಒಂದು ತುಣುಕು ಹೀಗಿರಬಹುದು:

* ಕನ್ನಡ
** ಓದಬೇಕು ವಿಕ್ರಮಾರ್ಜುನ ವಿಜಯ [0/14]
- [ ] ಮೊದಲನೆಯ ಆಶ್ವಾಸ
- [ ] ಎರಡನೆಯ ಆಶ್ವಾಸ
** ಕೇಳಬೇಕು ಕಂದಪದ್ಯದ ಗಣವಿಭಾಗ
* ಇತಿಹಾಸ
** ಓದಬೇಕು ವಿಜಯನಗರದ ಆಡಳಿತ

ಹದಿನಾಲ್ಕು ಆಶ್ವಾಸಗಳನ್ನೂ ಪಟ್ಟಿಮಾಡಿದ್ದರೆ, ಒಂದನ್ನು ಓದಿ ಮುಗಿಸಿ ಅದರ ಚೌಕದ ಮೇಲೆ ಕಂಟ್ರೋಲ್-ಸಿ ಕೀಲಿಯನ್ನು ಎರಡು ಸಲ ಒತ್ತಿದಾಗ ಚೌಕ ತುಂಬುತ್ತದೆ. ತಲೆಬರಹದಲ್ಲಿರುವ ಲೆಕ್ಕ ತಾನಾಗಿ 1/14 ಎಂದಾಗುತ್ತದೆ. ತಲೆಬರಹದ ಮೇಲೆ ಟ್ಯಾಬ್ ಕೀಲಿಯನ್ನು ಒತ್ತಿದರೆ ಅದರ ಒಳಗಿನದೆಲ್ಲ ಮಡಿಸಿಕೊಳ್ಳುತ್ತದೆ. ಮತ್ತೆ ಒತ್ತಿದರೆ ಹಂತಹಂತವಾಗಿ ಬಿಚ್ಚಿಕೊಳ್ಳುತ್ತದೆ. ಶಿಫ್ಟ್ ಹಿಡಿದು ಟ್ಯಾಬ್ ಒತ್ತಿದರೆ ಇಡೀ ಕಡತಕ್ಕೇ ಹೀಗಾಗುತ್ತದೆ. ಸಾವಿರಾರು ಸಾಲಿನ ಬರಹವೂ ಹತ್ತು ತಲೆಬರಹಗಳ ಒಂದು ಪುಟವಾಗಿ ನಿಲ್ಲುತ್ತದೆ. ಆಲ್ಟ್ ಕೀಲಿಯೊಡನೆ ಬಾಣದ ಕೀಲಿಗಳನ್ನೊತ್ತಿ ಒಂದು ಖಂಡವನ್ನು ಮೇಲೆ ಕೆಳಗೆ ಸರಿಸಬಹುದು. ಪ್ರಬಂಧದ ವಿಷಯಕ್ರಮವನ್ನು ಯೋಚಿಸುವವರಿಗೆ ಇದರಿಂದ ಆಗುವ ಉಪಕಾರ ದೊಡ್ಡದು.

ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, 2025-07-14 ಎಂಬಂತೆ, ಕೋನಾಕಾರದ ಕಂಸದೊಳಗೆ ಬರೆಯಬೇಕು. ಇಲ್ಲಿ ಮೂರು ಭೇದಗಳಿವೆ; ಇವುಗಳನ್ನು ತಿಳಿಯದವರಿಗೆ ಈ ಕ್ರಮ ಫಲ ಕೊಡದು. ಬರಿಯ ದಿನಾಂಕವನ್ನಷ್ಟೇ ಬರೆದರೆ ಅದು ಆ ದಿನ ನಡೆಯುವ ಸಂಗತಿ: ಉಪನ್ಯಾಸ, ಪರೀಕ್ಷೆ, ಪ್ರವಾಸ. ಕಂಟ್ರೋಲ್-ಸಿ ಕಂಟ್ರೋಲ್-ಎಸ್ ಒತ್ತಿ ಕೊಟ್ಟ ದಿನಾಂಕವು ಕೆಲಸವನ್ನು ಆರಂಭಿಸುವ ದಿನ; ಅಂದಿನಿಂದ ಕೆಲಸ ಮುಗಿಯುವವರೆಗೂ ಅದು ಪ್ರತಿದಿನದ ಪಟ್ಟಿಯಲ್ಲಿ ಕಾಣಿಸುತ್ತಲೇ ಇರುತ್ತದೆ. ಕಂಟ್ರೋಲ್-ಸಿ ಕಂಟ್ರೋಲ್-ಡಿ ಒತ್ತಿ ಕೊಟ್ಟದ್ದು ಗಡುವು. ಗಡುವಿಗೆ 14 ದಿನ ಮೊದಲಿನಿಂದಲೇ ಅದು ಎಚ್ಚರಿಸುತ್ತದೆ. ಪುಸ್ತಕ ಹಿಂದಿರುಗಿಸುವಂಥ ಸಣ್ಣ ಕೆಲಸಕ್ಕೆ ಇಷ್ಟು ಮುಂಚಿನ ಎಚ್ಚರಿಕೆ ಬೇಡವೆಂದಾದರೆ, ಆ ಒಂದು ದಿನಾಂಕದೊಳಗೇ ಮೂರು ದಿನ ಮೊದಲು ಸಾಕೆಂದು ಸೂಚಿಸಬಹುದು. ಎಲ್ಲ ಕೆಲಸಕ್ಕೂ ಗಡುವು ಹಾಕುವವನು ನಿಜವಾದ ಗಡುವಿನ ಬೆಲೆಯನ್ನೇ ಕಳೆದುಬಿಡುತ್ತಾನೆ. ಆದುದರಿಂದ ತಪ್ಪಿದರೆ ನಷ್ಟವಾಗುವ ದಿನಕ್ಕೆ ಮಾತ್ರ ಗಡುವೆಂಬ ಹೆಸರು ಸಲ್ಲತಕ್ಕದ್ದು.

ಕಿರ್ದಿ, ಖಾತೆ ಮತ್ತು ದಿನದ ಪಟ್ಟಿ

ನಮ್ಮ ಅಂಗಡಿಗಳ ಹಳೆಯ ಲೆಕ್ಕದ ಪದ್ಧತಿಯಲ್ಲಿ ಕಿರ್ದಿಯೆಂದೂ ಖಾತೆಯೆಂದೂ ಎರಡು ಪುಸ್ತಕಗಳುಂಟು. ವ್ಯವಹಾರ ನಡೆದೊಡನೆ, ಅದು ಯಾರದು ಏನೆಂದು ವಿಂಗಡಿಸದೆ, ಕಿರ್ದಿಯಲ್ಲಿ ಬರೆಯುವುದು; ಬಿಡುವಾದಾಗ ಒಂದೊಂದನ್ನೂ ಅದರದರ ಖಾತೆಗೆ ಎತ್ತಿ ಬರೆಯುವುದು. ಆರ್ಗ್ ಕ್ರಮದಲ್ಲಿ ಕ್ಯಾಪ್ಚರ್ ಎಂಬುದು ಕಿರ್ದಿ, ರೀಫೈಲ್ ಎಂಬುದು ಖಾತೆಗೆ ಎತ್ತುವುದು. ಒಂದು ಅಧ್ಯಾಯವನ್ನು ಓದುತ್ತಿರುವಾಗ ಸಂದೇಹವೊಂದು ಹುಟ್ಟಿತೆನ್ನೋಣ. ಎರಡು ಕೀಲಿಗಳನ್ನೊತ್ತಿದರೆ ಸಣ್ಣ ಕಿಟಕಿಯೊಂದು ತೆರೆಯುತ್ತದೆ. ಸಂದೇಹವನ್ನು ಒಂದು ಸಾಲಿನಲ್ಲಿ ಬರೆದು ಮುಚ್ಚಿದರೆ, ಬರೆದ ಹೊತ್ತೂ ಓದುತ್ತಿದ್ದ ಕಡತದ ಕೊಂಡಿಯೂ ಅದರೊಡನೆ ಸೇರಿ ಉಳಿಯುತ್ತವೆ. ಓದು ಮುರಿಯಲಿಲ್ಲ, ಸಂದೇಹವೂ ಕಳೆಯಲಿಲ್ಲ. ತರಗತಿಯಲ್ಲಿ ಗುರುಗಳು "ಏನಾದರೂ ಕೇಳುವುದಿದೆಯೆ?" ಎಂದಾಗ ನಾವೆಲ್ಲ ಸುಮ್ಮನಿರುವುದು ಸಂದೇಹಗಳಿಲ್ಲದ ಕಾರಣದಿಂದಲ್ಲ, ಆ ಗಳಿಗೆಯಲ್ಲಿ ಅವು ನೆನಪಿಗೆ ಬಾರದ ಕಾರಣದಿಂದ. ಇಂಥ ಪಟ್ಟಿಯೊಂದು ಕೈಯಲ್ಲಿದ್ದರೆ ಕಲಿಯುವವರಿಗೂ ಕಲಿಸುವವರಿಗೂ ಪ್ರಯೋಜನವುಂಟು.

ಹೀಗೆ ಹಲವು ಕಡತಗಳಲ್ಲಿ ಚದುರಿದ ದಿನಾಂಕಗಳನ್ನೂ ಕೆಲಸಗಳನ್ನೂ ಒಟ್ಟುಗೂಡಿಸಿ ತೋರಿಸುವುದಕ್ಕೆ ಅಜೆಂಡಾ ಎಂದು ಹೆಸರು. ಇದಕ್ಕೆ ತನ್ನದೆಂಬ ಕಡತವಿಲ್ಲ. ಕೇಳಿದಾಗ ಮೂಲಗಳನ್ನೆಲ್ಲ ಓದಿ ಆ ವಾರದ ಪಂಚಾಂಗವನ್ನು ಆಗಲೇ ಸಿದ್ಧಪಡಿಸುತ್ತದೆ. ಅಲ್ಲಿಂದಲೇ ಒಂದು ಕೆಲಸವನ್ನು ಮುಗಿಯಿತೆಂದು ಗುರುತು ಮಾಡಿದರೆ ಮೂಲ ಕಡತವೂ ತಿದ್ದುಪಡಿಯಾಗುತ್ತದೆ. ಓದಿನ ಹೊತ್ತನ್ನು ಅಳೆಯುವ ಗಡಿಯಾರವೂ ಇದರಲ್ಲಿದೆ: ಆರಂಭದಲ್ಲಿ ಕಂಟ್ರೋಲ್-ಸಿ ಕಂಟ್ರೋಲ್-ಎಕ್ಸ್ ಕಂಟ್ರೋಲ್-ಐ, ಮುಗಿಸಿದಾಗ ಕೊನೆಯ ಅಕ್ಷರದ ಬದಲು ಓ. ವಾರದ ಕೊನೆಗೆ ಯಾವ ವಿಷಯಕ್ಕೆ ಎಷ್ಟು ತಾಸು ಕೊಟ್ಟೆವೆಂಬ ಲೆಕ್ಕ ಮುಂದಿರುತ್ತದೆ. ಊಹೆಗೂ ಲೆಕ್ಕಕ್ಕೂ ಇರುವ ಅಂತರವನ್ನು ನೋಡುವುದೇ ಒಂದು ಶಿಕ್ಷಣ.

ನಮಗೊಪ್ಪುವಂತೆ ತಿದ್ದಿಕೊಳ್ಳುವುದು

ಇನ್ನು ಲೇಖನದ ಮುಖ್ಯ ಭಾಗಕ್ಕೆ ಬರುತ್ತೇನೆ. ಇಮ್ಯಾಕ್ಸ್ ಆರಂಭವಾಗುವಾಗ ಇನಿಟ್ ಎಂಬ ಕಡತವನ್ನು ಓದಿಕೊಳ್ಳುತ್ತದೆ. ನಮ್ಮ ಇಷ್ಟಾನಿಷ್ಟಗಳನ್ನು ಅದರಲ್ಲಿ ಲಿಸ್ಪ್ ವಾಕ್ಯಗಳಾಗಿ ಬರೆಯಬೇಕು. ಮೊದಲು ಮಾಡಬೇಕಾದದ್ದು ಕೀಲಿಗಳ ಗೊತ್ತುಪಾಡು. ಅಜೆಂಡಾಕ್ಕೆ ಕಂಟ್ರೋಲ್-ಸಿ ಎ, ಕ್ಯಾಪ್ಚರಿಗೆ ಕಂಟ್ರೋಲ್-ಸಿ ಸಿ ಎಂಬ ಕೀಲಿಗಳು ರೂಢಿಯಲ್ಲಿವೆ. ಆದರೆ ಅವನ್ನು ಬಳಸುವವನೇ ಕಟ್ಟಿಕೊಳ್ಳಬೇಕು.

ಎರಡನೆಯದು ಕೆಲಸದ ಸ್ಥಿತಿಯನ್ನು ಹೇಳುವ ಮಾತುಗಳು. ಮೂಲದಲ್ಲಿ ಇರುವುದು ಟೂಡೂ ಮತ್ತು ಡನ್ ಎಂಬ ಎರಡೇ. ಅವುಗಳ ಬದಲು ಕನ್ನಡದ ಮಾತುಗಳನ್ನೇ ಇಡಬಹುದು. ಆ ವಾಕ್ಯ ಹೀಗಿದೆ. ಉದ್ಧರಣ ಚಿಹ್ನೆಯ ಹೊರಗಿನ ಪದಗಳನ್ನು ಯಂತ್ರದಲ್ಲಿ ರೋಮನ್ ಲಿಪಿಯಲ್ಲಿ ಬರೆಯಬೇಕು:

(ಸೆಟ್‌ಕ್ಯೂ ಆರ್ಗ್-ಟೂಡೂ-ಕೀವರ್ಡ್ಸ್ '((ಸೀಕ್ವೆನ್ಸ್ "ಓದಬೇಕು" "ಕೇಳಬೇಕು" "|" "ಮುಗಿಯಿತು")))

ಸೆಟ್‌ಕ್ಯೂ ಎಂದರೆ ಒಂದು ಹೆಸರಿಗೆ ಬೆಲೆಯನ್ನು ಕೊಡು ಎಂದರ್ಥ. ಕಂಸದ ಮುಂದಿರುವ ಒಂಟಿ ಚಿಹ್ನೆಯು, ಈ ಪಟ್ಟಿಯನ್ನು ಆಜ್ಞೆಯೆಂದು ನಡೆಸಬೇಡ, ಇದ್ದಂತೆ ತೆಗೆದುಕೋ ಎನ್ನುತ್ತದೆ. ನಡುವಿನ ನಿಲುಗೆರೆಯ ಎಡಕ್ಕಿರುವುವು ಬಾಕಿಯ ಸ್ಥಿತಿಗಳು, ಬಲಕ್ಕಿರುವುದು ಮುಗಿದ ಸ್ಥಿತಿ. ಇನ್ನು ಮುಂದೆ ಕಂಟ್ರೋಲ್-ಸಿ ಕಂಟ್ರೋಲ್-ಟಿ ಒತ್ತಿದಂತೆಲ್ಲ ತಲೆಬರಹದ ಸ್ಥಿತಿ ಈ ಸರಣಿಯಲ್ಲಿ ಮುಂದುವರಿಯುತ್ತದೆ. ಆರ್ಗ್-ಲಾಗ್-ಡನ್ ಎಂಬ ಇನ್ನೊಂದು ಹೆಸರಿಗೆ 'ಟೈಮ್ ಎಂಬ ಬೆಲೆಯನ್ನು ಕೊಟ್ಟರೆ ಮುಗಿಸಿದ ದಿನವೂ ಹೊತ್ತೂ ತಾವಾಗಿಯೇ ದಾಖಲಾಗುತ್ತವೆ.

ಮೂರನೆಯದು ಅಜೆಂಡಾದ ರೂಪ. ಸಾಮಾನ್ಯವಾಗಿ ಅದು ಸೋಮವಾರದಿಂದ ಆರಂಭವಾಗುವ ಏಳು ದಿನಗಳನ್ನು ತೋರಿಸುತ್ತದೆ. ಶುಕ್ರವಾರ ತೆರೆದವನಿಗೆ ಕಳೆದುಹೋದ ನಾಲ್ಕು ದಿನಗಳಿಂದೇನು ಫಲ? ವಾರವು ಇಂದಿನಿಂದಲೇ ಆರಂಭವಾಗಲೆಂದು ಒಂದು ಸಾಲಿನಲ್ಲಿ ಹೇಳಬಹುದು. ಇನ್ನೂ ಮುಂದೆ ಹೋಗಿ, ಮೇಲೆ ಈ ವಾರದ ದಿನಗಳು, ಅದರ ಕೆಳಗೆ "ಕೇಳಬೇಕು" ಎಂಬವೆಲ್ಲ, ಅದರ ಕೆಳಗೆ ಪರೀಕ್ಷೆಯ ಗುರುತುಚೀಟಿ ಇರುವುವು, ಹೀಗೆ ಮೂರು ಭಾಗಗಳ ಒಂದು ನೋಟವನ್ನು ಒಂದೇ ಕೀಲಿಗೆ ಕಟ್ಟಬಹುದು.

ನಾಲ್ಕನೆಯದು ಹುಕ್ ಎಂಬ ಏರ್ಪಾಡು. ಇಂಥ ಘಟನೆ ನಡೆದಾಗ ಇಂಥದನ್ನು ಮಾಡು ಎಂದು ನೇತುಹಾಕುವ ಕೊಕ್ಕೆ ಅದು. ಇಮ್ಯಾಕ್ಸ್ ಆರಂಭವಾದೊಡನೆ ಅಜೆಂಡಾ ತೆರೆಯಲೆಂದು ಒಂದು ಕೊಕ್ಕೆ. ಆರ್ಗ್ ಕಡತವನ್ನು ತೆರೆದೊಡನೆ ಕನ್ನಡದ ಕೀಲಿಮಣೆ ಜಾರಿಗೆ ಬರಲೆಂದು ಇನ್ನೊಂದು. ಯಾವ ಕೀಲಿ ಏನು ಮಾಡುತ್ತದೆಂಬುದನ್ನು ತಿಳಿಯಲು ಕಂಟ್ರೋಲ್-ಎಚ್ ಕೆ ಒತ್ತಿ ಆ ಕೀಲಿಯನ್ನು ಒತ್ತಿದರೆ ಸಾಕು, ವಿವರಣೆ ತೆರೆದುಕೊಳ್ಳುತ್ತದೆ. ಗುರುವೂ ಗ್ರಂಥವೂ ಸಂಪಾದಕದ ಒಳಗೇ ಇರುವುದು ಇದರ ಹಿರಿಮೆ.

ಕನ್ನಡ ಬರೆಯುವವರಿಗೆ ನಾಲ್ಕು ಮಾತು

ಇಮ್ಯಾಕ್ಸಿನೊಳಗೇ ಕನ್ನಡಕ್ಕೆ ಐಟ್ರಾನ್ಸ್, ಇನ್‌ಸ್ಕ್ರಿಪ್ಟ್ ಎಂಬ ಎರಡು ಬರೆಯುವ ವಿಧಾನಗಳಿವೆ. ಕಂಟ್ರೋಲ್ ಹಿಡಿದು ಹಿಂದಕ್ಕೆ ಬಾಗಿದ ಓರೆಗೆರೆಯನ್ನು ಒತ್ತಿದರೆ ಕನ್ನಡದಿಂದ ರೋಮನ್ನಿಗೂ ಅಲ್ಲಿಂದ ಇಲ್ಲಿಗೂ ದಾಟಬಹುದು. 2020ರಲ್ಲಿ ಬಂದ 27ನೆಯ ಆವೃತ್ತಿಯು ಹಾರ್ಫ್‌ಬಝ್ ಎಂಬ ಅಕ್ಷರಜೋಡಣೆಯ ತಂತ್ರವನ್ನು ಅಳವಡಿಸಿಕೊಂಡಿತು. ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುವ ಕೆಲಸ ಅದರದು.

ಕಷ್ಟಗಳೂ ಉಂಟು. ಆರ್ಗ್ ಕ್ರಮದ ಕೋಷ್ಟಕಗಳು ನಿಲುಗೆರೆಗಳಿಂದ ಆಗುತ್ತವೆ. ಅವು ಒಂದರ ಕೆಳಗೊಂದು ಕೂಡಬೇಕಾದರೆ ಎಲ್ಲ ಅಕ್ಷರಗಳ ಅಗಲವೂ ಲೆಕ್ಕಕ್ಕೆ ಸಿಗಬೇಕು. ನಮ್ಮ ಅಕ್ಷರಗಳು ಹಾಗಲ್ಲ; "ರ" ಒಂದು ಅಗಲ, "ಸ್ತ್ರೀ" ಇನ್ನೊಂದು. ಆದಕಾರಣ ಕಣ್ಣಿಗೆ ಗೆರೆಗಳು ಡೊಂಕಾಗಿ ಕಾಣುತ್ತವೆ, ಒಳಗಿನ ಲೆಕ್ಕ ಮಾತ್ರ ಕೆಡುವುದಿಲ್ಲ. ಅಂಕಿಗಳ ಕಂಬಗಳನ್ನು ಮೊದಲಿಗಿಟ್ಟು ಕನ್ನಡ ಮಾತಿನ ಕಂಬವನ್ನು ಕೊನೆಗಿಟ್ಟರೆ ಡೊಂಕು ಬಹುಮಟ್ಟಿಗೆ ಮರೆಯಾಗುತ್ತದೆ. ದಿನಾಂಕಗಳನ್ನು ಕನ್ನಡದ ಅಂಕಿಗಳಲ್ಲಿ ಬರೆದರೆ ಅಜೆಂಡಾಕ್ಕೆ ತಿಳಿಯದು. ಪ್ರಬಂಧವನ್ನು ಲೇಟೆಕ್ ಮೂಲಕ ಪಿಡಿಎಫ್ ಮಾಡಬೇಕೆಂದರೆ ಜೀಲೇಟೆಕ್ ಅಥವಾ ಲುವಾಲೇಟೆಕ್ ಎಂಬ ಯಂತ್ರವನ್ನು ಆರಿಸಿ ಕನ್ನಡ ಫಾಂಟಿನ ಹೆಸರನ್ನು ಹೇಳಬೇಕು. ಅಷ್ಟು ತಾಳ್ಮೆ ಇಲ್ಲದವರು ಓಡಿಟಿ ರೂಪಕ್ಕೆ ಕಳುಹಿಸಿ ಲಿಬ್ರೆಆಫೀಸಿನಲ್ಲಿ ತೆರೆಯಬಹುದು.

ಆಕ್ಷೇಪಣೆ ಮತ್ತು ಸಮಾಧಾನ

ಇಷ್ಟು ಕೀಲಿಗಳನ್ನು ನೆನಪಿಡುವುದಕ್ಕಿಂತ ಕೈಯಲ್ಲಿರುವ ದೂರವಾಣಿಯಲ್ಲೇ ಬರೆದುಕೊಳ್ಳುವುದು ಸುಲಭವಲ್ಲವೆ ಎಂದು ಕೇಳುವವರುಂಟು. ಸುಲಭವೇ ಸರಿ. ಆದರೆ ಅಂಥ ಎಷ್ಟೋ ಸೇವೆಗಳಲ್ಲಿ ನಮ್ಮ ಬರಹ ದೂರದ ಯಾರದೋ ಯಂತ್ರದಲ್ಲಿ, ಅವರ ಸಂಕೇತದಲ್ಲಿ ಇರುತ್ತದೆ. ಸೇವೆ ನಿಂತರೆ, ಬಾಡಿಗೆ ಏರಿದರೆ, ಜಾಲ ಸಂಪರ್ಕ ಕಡಿದರೆ ನಮ್ಮದು ನಮ್ಮ ಕೈಗೆ ದೊರೆಯದು. ಮೂರು ವರ್ಷದ ಪದವಿಯ ಟಿಪ್ಪಣಿಗಳೆಲ್ಲ ಸಾದಾ ಪಠ್ಯವಾಗಿ ಕಿರುಬೆರಳಷ್ಟರ ನೆನಪಿನ ಕಡ್ಡಿಯ ಒಂದು ಮೂಲೆಯಲ್ಲಿ ಹಿಡಿಯುತ್ತವೆ. ಹಳೆಯ ಯಂತ್ರದಲ್ಲೂ ತೆರೆಯುತ್ತವೆ. ದೂರವಾಣಿಯೇ ಬೇಕೆನ್ನುವವರಿಗೂ ದಾರಿಯಿದೆ: 2025ರಲ್ಲಿ ಬಂದ 30ನೆಯ ಆವೃತ್ತಿಯಿಂದ ಇಮ್ಯಾಕ್ಸ್ ಆಂಡ್ರಾಯ್ಡ್ ಸಾಧನಗಳಲ್ಲೂ ನಡೆಯುತ್ತದೆ.

ಇನ್ನೊಂದು ಆಕ್ಷೇಪಣೆಯೇ ಹೆಚ್ಚು ತೂಕದ್ದು. ತಿದ್ದಿಕೊಳ್ಳಬಹುದಾದ ಸಾಧನವನ್ನು ತಿದ್ದುತ್ತ ಕುಳಿತವನು ಓದುವುದು ಯಾವಾಗ? ಬಣ್ಣ ಬದಲಿಸಿ, ಗುರುತು ಬದಲಿಸಿ, ಹತ್ತು ಬಗೆಯ ಸ್ಥಿತಿಗಳನ್ನು ಕಟ್ಟಿ, ಒಂದು ಆಶ್ವಾಸವನ್ನೂ ಓದದೆ ಇರುಳು ಕಳೆಯುವುದು ಸಾಧ್ಯ. ಕುಡುಗೋಲನ್ನು ಮಸೆಯುತ್ತಲೇ ಇದ್ದರೆ ಪೈರು ಮನೆಗೆ ಬರುವುದಿಲ್ಲ. ಇದಕ್ಕೆ ನಾನು ಪಾಲಿಸುವ ನಿಯಮ ಸರಳವಾಗಿದೆ: ಒಂದೇ ತೊಡಕು ಮೂರು ಬೇರೆ ಬೇರೆ ದಿನ ಎದುರಾಗದೆ ಇನಿಟ್ ಕಡತವನ್ನು ಮುಟ್ಟುವುದಿಲ್ಲ; ಮುಟ್ಟಿದರೆ ಒಂದು ದಿನಕ್ಕೆ ಒಂದೇ ಬದಲಾವಣೆ. ಬದಲಾವಣೆಯ ಮೇಲೆ, ಅದನ್ನು ಏಕೆ ಮಾಡಿದೆನೆಂಬುದನ್ನು ಕನ್ನಡದಲ್ಲಿ ಒಂದು ಸಾಲು ಬರೆದಿಡುತ್ತೇನೆ. ಲಿಸ್ಪಿನಲ್ಲಿ ಅಲ್ಪವಿರಾಮ-ಅರ್ಧವಿರಾಮಗಳಿಗೆ ನಮ್ಮ ವ್ಯಾಕರಣದ ಅರ್ಥವಿಲ್ಲ. ಅರ್ಧವಿರಾಮದ ಮುಂದೆ ಬರೆದದ್ದನ್ನು ಯಂತ್ರ ಓದುವುದೇ ಇಲ್ಲ, ಮನುಷ್ಯ ಮಾತ್ರ ಓದುತ್ತಾನೆ.

ಆರಂಭಿಸುವವರಿಗೆ ನನ್ನ ಸೂಚನೆ ಇಷ್ಟೆ. ಮೊದಲ ವಾರ ನಕ್ಷತ್ರವೂ ಟ್ಯಾಬ್ ಕೀಲಿಯೂ ಮಾತ್ರ ಸಾಕು. ಎರಡನೆಯ ವಾರ ಸ್ಥಿತಿಯ ಮಾತುಗಳು, ಮೂರನೆಯ ವಾರ ದಿನಾಂಕ ಮತ್ತು ಅಜೆಂಡಾ. ಆಮೇಲೆ ಕಿರ್ದಿಯಂಥ ಕ್ಯಾಪ್ಚರ್. ಹನಿಗೂಡಿ ಹಳ್ಳವಾಗುವಂತೆ ಕಡತ ಬೆಳೆಯುತ್ತದೆ. ಸಂಪಾದಕವು ಹಣವಿಲ್ಲದೆ ದೊರೆಯುವಂಥದು. ಬೇಕಾದದ್ದು ದಿನಕ್ಕೆ ಕಾಲು ಗಂಟೆಯ ನಿಷ್ಠೆ. ನಮ್ಮ ಕಾಲೇಜಿನ ಗಣಕಯಂತ್ರದ ಕೊಠಡಿಯಲ್ಲಿ ಇದನ್ನು ಕಲಿಯಬಯಸುವ ನಾಲ್ಕು ಜನ ಕೂಡಿದರೆ, ನಾನು ಬಲ್ಲಷ್ಟನ್ನು ತೋರಿಸಲು ಸಿದ್ಧನಾಗಿದ್ದೇನೆ.